ಕ್ಯೂಬಾದ ಪಿಯಾನೋ ಆಲ್ಬಂ ಆರಿಸುವಾಗ ಎಡಗೈಗೆ ಕಿವಿಗೊಡಿ

ಕ್ಯೂಬಾದ ಸಾಂಪ್ರದಾಯಿಕ ಪಿಯಾನೋ ಎಂದು ಹುಡುಕಿದರೆ ಒಂದೇ ಪಟ್ಟಿಯಲ್ಲಿ ನಾಲ್ಕು ಬಗೆಯ ಆಲ್ಬಂಗಳು ಬಂದು ಬೀಳುತ್ತವೆ. 19ನೇ ಶತಮಾನದ ಹವಾನಾದ ಶ್ರೀಮಂತರ ಮನೆಗಳಲ್ಲಿ ನುಡಿಸುತ್ತಿದ್ದ, ಕೊಂತ್ರಾದಾನ್ಸಾ ಮತ್ತು ದಾನ್ಸಾ ಎಂಬ ಒಂದೊಂದು ನಿಮಿಷದ ಕುಣಿತದ ತುಣುಕುಗಳು. ಎರ್ನೆಸ್ತೋ ಲೆಕುವೋನಾ ಕಛೇರಿಗೆಂದು ಬರೆದ ಕೃತಿಗಳು. ಕೊಳಲು, ಪಿಟೀಲುಗಳ ನಡುವೆ ಪಿಯಾನೋ ಕೂತಿರುವ, ದಾನ್ಸೋನ್ ಎಂಬ ಜೋಡಿಕುಣಿತದ ತಂಡಗಳು. 1990ರ ದಶಕದ ಕೊನೆಯಲ್ಲಿ ಹೊರಜಗತ್ತಿಗೆ ಗೊತ್ತಾದ ಹಿರಿಯ ವಾದಕರ ರೆಕಾರ್ಡಿಂಗ್‌ಗಳು. ನಾಲ್ಕೂ ಕುಣಿತದಿಂದ ಹುಟ್ಟಿದ ಸಂಗೀತವೇ. ಆದರೂ ಒಂದನ್ನು ನಿರೀಕ್ಷಿಸಿ ಇನ್ನೊಂದನ್ನು ಹಾಕಿದರೆ ಮೂರನೇ ಟ್ರ್ಯಾಕಿಗೆ ಕೇಳುಗರು ಎದ್ದು ಹೋಗುತ್ತಾರೆ. ಕವರಿನ ಮೇಲಿನ ಹಳೇ ಕಾರು, ಸಿಗಾರು, ಬಣ್ಣ ಬಣ್ಣದ ಗೋಡೆ ಯಾವುದೂ ಇಲ್ಲಿ ನೆರವಿಗೆ ಬರುವುದಿಲ್ಲ. ಮಾದರಿಗೆ ಮೂವತ್ತು ಸೆಕೆಂಡು ಕೇಳಲು ಸಿಕ್ಕರೂ ಸಾಕು, ವಾದಕರ ಎಡಗೈ ಏನು ಮಾಡುತ್ತಿದೆ ಎಂದು ಕೇಳಿ ತೀರ್ಮಾನಿಸಬಹುದು.

ಮೊದಲು ಲಯದ ಲೆಕ್ಕ

ಈ ಸಂಗೀತದ ಬೀಜ ಸಿಂಕಿಯೋ. ಎಂಟು ಮಾತ್ರೆಯ ಒಂದು ಅಳತೆಯಲ್ಲಿ ಐದು ಹೊಡೆತ, 2+1+2+1+2. ಶಾಲೆಯಲ್ಲಿ ಛಂದಸ್ಸು ಕಲಿತವರಿಗೆ ಇದು ಸುಲಭ: ಗುರು, ಲಘು, ಗುರು, ಲಘು, ಗುರು. 'ಊಟ ಮಾಡು ಬಾ' ಎಂದು ಗುರು ಲಘು ತಪ್ಪದೆ ಮೂರು ನಾಲ್ಕು ಸಲ ಹೇಳಿ, ಸಿಂಕಿಯೋ ಬಾಯಿಗೆ ಬಂತು. ಈಗ ಬಾಯಲ್ಲಿ ಅದನ್ನೇ ಹೇಳುತ್ತಾ ಊ, ಮಾ, ಬಾ ಈ ಮೂರು ಗುರುಗಳಿಗೆ ಮಾತ್ರ ಚಪ್ಪಾಳೆ ಹಾಕಿದರೆ 3+3+2 ಬರುತ್ತದೆ. ಅದರ ಹೆಸರು ತ್ರೆಸಿಯೋ. ಅದೇ ಮೂರು ಹೊಡೆತಗಳ ಜೊತೆಗೆ ಎಂಟರ ನಡುಮಧ್ಯದಲ್ಲಿ, ಅಂದರೆ ಐದನೇ ಮಾತ್ರೆಗೆ, ಇನ್ನೊಂದು ಸೇರಿದರೆ ಅಬಾನೆರಾ: 3+1+2+2. ಹಳೆಯ ಕ್ಯೂಬನ್ ಪಿಯಾನೋದ ಎಡಗೈ ಬಹುಪಾಲು ಈ ಮೂರರಲ್ಲೇ ಓಡಾಡುತ್ತದೆ.

ಕರ್ನಾಟಕ ಸಂಗೀತ ಕೇಳುವವರು ಐದು ಹೊಡೆತ ಎಂದ ತಕ್ಷಣ ಖಂಡ ನಡೆ ಎಂದುಕೊಳ್ಳುವುದುಂಟು. ಅದಲ್ಲ. ಇಲ್ಲಿನ ಲೆಕ್ಕ ಎಂಟರದು, ಐದು ಅದರೊಳಗೆ ಓರೆಯಾಗಿ ಕೂತಿದೆ. ಕೆಟ್ಟ ರೆಕಾರ್ಡಿಂಗ್‌ಗಳಲ್ಲಿ ನಡೆಯುವ ತಪ್ಪು ಇದೇ ಜಾಗದಲ್ಲಿ. ಯುರೋಪಿನ ಶೈಲಿಯಲ್ಲಿ ಮಾತ್ರ ಪಳಗಿದ ವಾದಕರು ಐದನ್ನೂ ಸಮವಾಗಿ ಹರಡಿಬಿಡುತ್ತಾರೆ. ಆಗ ಅದು ನಿಜಕ್ಕೂ ಖಂಡ ನಡೆಯಾಗಿ ಕುಣಿತದ ಕುಲುಕು ಸತ್ತುಹೋಗುತ್ತದೆ. ಇನ್ನು ಕೆಲವರು ಬರೆದದ್ದನ್ನು ಗಡಿಯಾರದಂತೆ ನುಡಿಸುತ್ತಾರೆ. ಲಯ ಸರಿಯಿದ್ದರೂ ಸೊಂಟ ಇರುವುದಿಲ್ಲ. ಒಳ್ಳೆಯ ವಾದಕರಲ್ಲಿ ಎಡಗೈ ನೆಲಕ್ಕೆ ಕಚ್ಚಿಕೊಂಡಿರುತ್ತದೆ, ಬಲಗೈ ಮಾತ್ರ ಕೂದಲೆಳೆಯಷ್ಟು ಹಿಂದೆ ಮುಂದೆ ಆಡುತ್ತದೆ. ಎರಡೂ ಕೈ ಒಟ್ಟಿಗೆ ನಿಧಾನಿಸಿ ನಿಟ್ಟುಸಿರು ಬಿಡುತ್ತಿದ್ದರೆ ಆ ಆಲ್ಬಂ ಬಿಡಿ. ಅದು ಯುರೋಪಿನ ರಚನೆಕಾರ ಶೋಪಾನನ್ನು ನುಡಿಸುವ ರೀತಿ, ಹವಾನಾದ್ದಲ್ಲ.

ಈ ಪರೀಕ್ಷೆಯನ್ನು ಫೋನಿನ ಸ್ಪೀಕರಿನಲ್ಲಿ ಮಾಡಬೇಡಿ. ಎಡಗೈಯ ತಳದ ಸ್ವರಗಳು ಸುಮಾರು 65ರಿಂದ 130 ಹರ್ಟ್ಸ್ ನಡುವೆ ಬೀಳುತ್ತವೆ, ಅಷ್ಟು ಸಣ್ಣ ಸ್ಪೀಕರಿಗೆ ಅವು ದಕ್ಕುವುದಿಲ್ಲ. ಬಲಗೈಯ ರಾಗವಷ್ಟೇ ಕೇಳಿ, "ಏನೋ ಮದುವೆ ಹೋಟೆಲಿನ ಪಿಯಾನೋ" ಎಂದು ತಳ್ಳಿಹಾಕಿದವರು ಬಹಳ. ಸಾಧಾರಣ ಇಯರ್‌ಫೋನ್ ಆದರೂ ಸಾಕು.

ಸೌಮೆಲ್ ಮತ್ತು ಸೆರ್ವಾಂತೆಸ್: ಪಿಯಾನೋ ಒಂದೇ, ಜೊತೆಗೆ ಯಾರಿಲ್ಲ

18ನೇ ಶತಮಾನದ ಕೊನೆಯಲ್ಲಿ ಹೈಟಿಯ ಕ್ರಾಂತಿಯಿಂದ ತಪ್ಪಿಸಿಕೊಂಡು ಬಂದವರು ಕ್ಯೂಬಾದ ಪೂರ್ವಭಾಗದ ಸಾಂತಿಯಾಗೋಗೆ ಫ್ರೆಂಚ್ ಸಾಲುಕುಣಿತವನ್ನು ತಂದರು. ಸ್ಪೇನಿನವರ ಮೂಲಕ ಹವಾನಾಗೆ ಅದು ಬೇರೆ ದಾರಿಯಲ್ಲೂ ಬಂದಿತ್ತು. ಆಫ್ರಿಕನ್ ಮೂಲದ ವಾದಕರ ಕೈಯಲ್ಲಿ ಅದರ ಎಡಗೈ ಬದಲಾಯಿತು, ಕೊಂತ್ರಾದಾನ್ಸಾ ಹುಟ್ಟಿತು. ಅಚ್ಚಿನಲ್ಲಿ ಉಳಿದಿರುವ ಅತಿ ಹಳೆಯ ಕ್ಯೂಬನ್ ಕೊಂತ್ರಾದಾನ್ಸಾ 1803ರದು, 'ಸಾನ್ ಪಾಸ್ಕ್ವಾಲ್ ಬೈಲೋನ್'.

ಮಾನುಯೆಲ್ ಸೌಮೆಲ್ (ನಿಧನ 1870) ಐವತ್ತಕ್ಕೂ ಹೆಚ್ಚು ಕೊಂತ್ರಾದಾನ್ಸಾ ಬರೆದವರು. ಅವರ ಅಚ್ಚು ಬಹುತೇಕ ಒಂದೇ: ಎಂಟು ಅಳತೆಯ ಎರಡು ಭಾಗ, ಎರಡನ್ನೂ ಎರಡೆರಡು ಸಲ ನುಡಿಸಬೇಕು, ಒಟ್ಟು 32 ಅಳತೆ. ಮೊದಲ ಭಾಗ ಕೋಟು ಹಾಕಿಕೊಂಡು ಗಂಭೀರವಾಗಿ ಕೂತಿರುತ್ತದೆ, ಎರಡನೆಯದರಲ್ಲಿ ಸಿಂಕಿಯೋ ಬಂದು ಕೋಟು ಕಳಚುತ್ತದೆ. ಆ ತಿರುವಿಗಾಗಿಯೇ ಸೌಮೆಲ್ ಕೇಳಬೇಕು. 'ಲಾ ಸ್ವಾವೆಸಿತಾ', 'ಲೋಸ್ ಓಹೋಸ್ ದೆ ಪೆಪಾ' ಇವೆರಡನ್ನು ಹುಡುಕಿ ಕೇಳಿದರೆ ಸಾಕು, ಉಳಿದವು ನಿಮಗೆ ಬೇಕೋ ಬೇಡವೋ ಗೊತ್ತಾಗುತ್ತದೆ.

ಇಲ್ಲಿ ಒಂದು ಗಣಿತ ಉಪಯೋಗಕ್ಕೆ ಬರುತ್ತದೆ. ಅಳತೆಗೆ ಎರಡು ಬೀಟ್, 32 ಅಳತೆಗೆ 64 ಬೀಟ್. ನಿಮಿಷಕ್ಕೆ 80 ಬೀಟಿನ ವೇಗದಲ್ಲಿ 48 ಸೆಕೆಂಡು, 66ರ ವೇಗದಲ್ಲಿ 58 ಸೆಕೆಂಡು. ಹಾಗಾಗಿ ಟ್ರ್ಯಾಕ್ ಪಟ್ಟಿಯಲ್ಲಿ ಸೌಮೆಲ್ ಕೃತಿಗಳೆಲ್ಲ 25, 30 ಸೆಕೆಂಡಿಗೆ ಮುಗಿಯುತ್ತಿದ್ದರೆ ಮರುನುಡಿಕೆಗಳನ್ನು ಕತ್ತರಿಸಿದ್ದಾರೆ ಎಂದರ್ಥ. ಕುಣಿಯುವವರಿಗಾಗಿ ಇಡೀ ತುಣುಕನ್ನೇ ಮತ್ತೆ ಮತ್ತೆ ನುಡಿಸುತ್ತಿದ್ದ ಕಾಲದ ಸಂಗೀತ ಇದು. ಒಂದೇ ಸಲ ನುಡಿಸಿ ಮುಂದಕ್ಕೆ ಓಡಿದರೆ ಎರಡನೇ ಭಾಗದ ರುಚಿ ನಾಲಿಗೆಗೆ ಹತ್ತುವ ಮೊದಲೇ ತಟ್ಟೆ ಎತ್ತಿದ ಹಾಗಾಗುತ್ತದೆ.

ಇಗ್ನಾಸಿಯೋ ಸೆರ್ವಾಂತೆಸ್ (1847–1905) ಇನ್ನೊಂದು ಮೆಟ್ಟಿಲು ಮೇಲೆ. 'ಡಾನ್ ಕಿಹೋಟೆ' ಬರೆದ ಸೆರ್ವಾಂತೆಸ್ ಬೇರೆ. ಆ್ಯಪಿನಲ್ಲಿ ಉಪನಾಮ ಮಾತ್ರ ಹಾಕಿದರೆ ಆಡಿಯೋಪುಸ್ತಕಗಳು ಬರುತ್ತವೆ. ನಮ್ಮ ಇಗ್ನಾಸಿಯೋ ಪ್ಯಾರಿಸ್ ಸಂಗೀತಶಾಲೆಯಲ್ಲಿ ಮಾರ್ಮೊಂತೆಲ್ ಬಳಿ ಕಲಿತು ಬಹುಮಾನ ಗೆದ್ದು 1870ರಲ್ಲಿ ಹವಾನಾಗೆ ಮರಳಿದರು. ಪಿಟೀಲುವಾದಕ ಹೊಸೆ ವೈಟ್ ಜೊತೆ ಕಛೇರಿ ಮಾಡಿ ಸ್ವಾತಂತ್ರ್ಯ ಹೋರಾಟಕ್ಕೆ ಹಣ ಕೂಡಿಸಿದ್ದಕ್ಕೆ ಸ್ಪೇನಿನ ಆಡಳಿತ 1875ರಲ್ಲಿ ಇಬ್ಬರನ್ನೂ ದೇಶ ಬಿಡಿಸಿತು. 'ಆದಿಯೋಸ್ ಆ ಕೂಬಾ' ಆ ಗಡಿಪಾರಿನ ಕೃತಿ. ಅದನ್ನು ದಾನ್ಸಾ ಎಂದೇ ಕರೆದರೂ ಕುಣಿಯಲು ಹೋಗಬೇಡಿ, ನಡೆ ತೀರಾ ಭಾರ. ಕುಣಿತದ ಸೆರ್ವಾಂತೆಸ್ ಬೇಕಿದ್ದರೆ 'ಲೋಸ್ ತ್ರೆಸ್ ಗೋಲ್ಪೆಸ್', ಮನಸ್ಸಿನೊಳಗಿನ ಸೆರ್ವಾಂತೆಸ್ ಬೇಕಿದ್ದರೆ 'ಇಲುಸಿಯೋನೆಸ್ ಪೆರ್ದಿದಾಸ್'.

ಇಬ್ಬರ ನಡುವೆ ಒಂದನ್ನೇ ಆರಿಸಿ ಎಂದರೆ ನಮ್ಮ ಓಟು ಸೆರ್ವಾಂತೆಸ್‌ಗೆ. ಸೌಮೆಲ್‌ನ ಇಪ್ಪತ್ತು ತುಣುಕು ಸಾಲಾಗಿ ಕೇಳಿದರೆ ಅಚ್ಚು ಕಣ್ಣಿಗೆ ಹೊಡೆಯತೊಡಗುತ್ತದೆ. ಸೆರ್ವಾಂತೆಸ್‌ನಲ್ಲಿ ಪ್ರತಿ ತುಣುಕಿಗೂ ಬೇರೆ ಮುಖ. ಆದರೂ ಎರಡಕ್ಕೂ ಅನ್ವಯಿಸುವ ಎಚ್ಚರ: ನಲವತ್ತು ಚಿಕ್ಕ ತುಣುಕಿನ ಸಂಪೂರ್ಣ ಸಂಗ್ರಹವನ್ನು ಮೊದಲ ಆಲ್ಬಂ ಮಾಡಿಕೊಳ್ಳಬೇಡಿ. ಎಂಟು ಹತ್ತು ಆರಿಸಿ ಪ್ಲೇಲಿಸ್ಟ್ ಮಾಡಿ, ಶಫಲ್ ಬಂದ್ ಮಾಡಿ, ನಿಧಾನದ್ದು ಚುರುಕಿನದ್ದು ಒಂದರ ನಂತರ ಒಂದು ಬರುವಂತೆ ಜೋಡಿಸಿಕೊಳ್ಳಿ. ಸಂಕಲನಗಳಲ್ಲಿ ಇವರ ಪಕ್ಕ ಗೊಟ್ಶಾಕ್ ಎಂಬ ಹೆಸರೂ ಕಾಣಬಹುದು. ಆತ ನ್ಯೂ ಆರ್ಲಿಯನ್ಸಿನ ಪಿಯಾನೋವಾದಕ, ಕ್ಯೂಬಾದಲ್ಲಿ ವರ್ಷಗಟ್ಟಲೆ ಇದ್ದವನು, ಬಾಲಕ ಸೆರ್ವಾಂತೆಸ್‌ನನ್ನು ಹುರಿದುಂಬಿಸಿದವನು. ಅಲ್ಲಿ ಇದ್ದರೆ ತಪ್ಪೇನಿಲ್ಲ, ಆದರೆ ಅವನ ಬೆರಳಿನ ಸರ್ಕಸ್ ಕ್ಯೂಬನ್ ಮಿತವ್ಯಯಕ್ಕೆ ವಿರುದ್ಧ.

ಲೆಕುವೋನಾ: ಕಛೇರಿ ಬೇಕಾದವರಿಗೆ

ಎರ್ನೆಸ್ತೋ ಲೆಕುವೋನಾ (1895–1963) ಹೆಸರಿನ ಆಲ್ಬಂಗಳು ಬೇಕಾದಷ್ಟಿವೆ, ಗೊಂದಲವೂ ಅಷ್ಟೇ. ಮುಖ್ಯ ಬಲೆ 'ಮಾಲಾಗ್ವೆನ್ಯಾ'. ಎಲ್ಲ ಸಂಕಲನಗಳೂ ಅದನ್ನೇ ಮುಂದಿಡುತ್ತವೆ, ಆದರೆ ಅದು 'ಆಂದಾಲುಸಿಯಾ' ಎಂಬ ಸ್ಪ್ಯಾನಿಷ್ ಸೂಟಿನ, ಅಂದರೆ ಕೃತಿಗುಚ್ಛದ, ಭಾಗ. ಅದರಲ್ಲಿ ಗಿಟಾರಿನ ಮೀಟು, ಫ್ಲಮೆಂಕೋದ ಗತ್ತು ಇದೆ, ಸಿಂಕಿಯೋ ಇಲ್ಲ. ಕ್ಯೂಬಾದ ಕುಣಿತ ಕೇಳಬೇಕೆಂದು ಹೊರಟವರು ಟ್ರ್ಯಾಕ್ ಪಟ್ಟಿಯಲ್ಲಿ 'ದಾನ್ಸಾಸ್ ಆಫ್ರೋ-ಕುಬಾನಾಸ್' ಮತ್ತು 'ದಾನ್ಸಾಸ್ ಕುಬಾನಾಸ್' ಎಂಬ ಎರಡು ಗುಚ್ಛ ಇವೆಯೇ ಎಂದು ನೋಡಬೇಕು. ಮೊದಲನೆಯದರಲ್ಲಿ ಆರು ಕೃತಿ, 'ಲಾ ಕೊಂಪಾರ್ಸಾ', 'ದಾನ್ಸಾ ಲುಕುಮೀ', 'ದಾನ್ಸಾ ನೆಗ್ರಾ' ಅವುಗಳಲ್ಲಿ ಸೇರಿವೆ.

'ಲಾ ಕೊಂಪಾರ್ಸಾ' ಒಂದೇ ಸಾಕು, ವಾದಕರ ಯೋಗ್ಯತೆ ಅಳೆಯಲು. ಲೆಕುವೋನಾ ಹದಿಹರೆಯದಲ್ಲೇ ಬರೆದದ್ದು. ಕಾರ್ನಿವಲ್ ಮೆರವಣಿಗೆ ದೂರದಿಂದ ಬಂದು, ಎದುರಿಗೆ ಹಾದು, ಮತ್ತೆ ದೂರ ಹೋಗುತ್ತದೆ. ಎಡಗೈ ಶುರುವಿನಿಂದ ಕೊನೆಯವರೆಗೂ ಡೋಲಿನ ಒಂದೇ ವರಸೆ ಹಿಡಿದಿರಬೇಕು. ಅಷ್ಟೇ ಕೆಲಸ, ಅದೇ ಕಷ್ಟ. ಸದ್ದು ಹೆಚ್ಚುವಾಗ ವೇಗವೂ ಹೆಚ್ಚಿದರೆ ಮೆರವಣಿಗೆ ಓಟವಾಗುತ್ತದೆ. ರಾಗ ಬಂದಾಗ ಎಡಗೈ ಒಂದು ಗಳಿಗೆ ಕಾದು ಜಾಗ ಬಿಟ್ಟರೆ ಡೋಲಿನವನು ಎಡವಿದ ಹಾಗೆ ಕೇಳುತ್ತದೆ. ಸ್ವರವನ್ನು ಎಳೆದು ಹಿಡಿಯುವ ಪೆಡಲ್ ಹೆಚ್ಚಾದರೆ ಡೋಲು ಕೊಡದೊಳಗೆ ಬಡಿದಂತಾಗುತ್ತದೆ. ರೀಮಾಸ್ಟರ್ ಮಾಡುವಾಗ ಸದ್ದಿನ ಏರಿಳಿತವನ್ನು ಹಿಂಡಿ ಮಟ್ಟಮಾಡಿರುವ ಪ್ರತಿಗಳೂ ಇವೆ. ಮೊದಲ ಹತ್ತು ಸೆಕೆಂಡೂ ನಡುವಿನ ಹತ್ತು ಸೆಕೆಂಡೂ ಒಂದೇ ಜೋರಿನಲ್ಲಿ ಕೇಳಿಸಿದರೆ ಆ ಪ್ರತಿ ಬೇಡ. ಸರಿಯಾದ ಪ್ರತಿಯ ಆರಂಭ ಕಾರಿನಲ್ಲಿ ಕೇಳಿಸುವುದೇ ಇಲ್ಲ ಎನ್ನುವುದೂ ನಿಜ, ಹಾಗಾಗಿ ಇದು ಮನೆಯಲ್ಲಿ ಕೇಳುವ ಆಲ್ಬಂ.

ಲೆಕುವೋನಾ ತಾವೇ ನುಡಿಸಿ ಆರ್‌ಸಿಎ ಸಂಸ್ಥೆಗೆ ಕೊಟ್ಟ ರೆಕಾರ್ಡಿಂಗ್‌ಗಳು ಸಿಗುತ್ತವೆ. ಶಬ್ದ ಹಳತು, ಆದರೆ ಲಯ ಹೇಗಿರಬೇಕು ಎಂಬ ಜಗಳ ಅಲ್ಲಿಗೆ ಮುಗಿಯುತ್ತದೆ. ಈಗಿನ ಬಹಳ ವಾದಕರಿಗಿಂತ ಅವರು ನೇರ, ಒಣ, ಚುರುಕು. ಶುದ್ಧ ಶಬ್ದ ಬೇಕು, ಎಲ್ಲ ಕೃತಿಗಳೂ ಬೇಕು ಎಂದರೆ ಬಿಐಎಸ್ ಲೇಬಲ್ಲಿನಲ್ಲಿ ಥಾಮಸ್ ಟಿರಿನೋ ಹಲವು ಸಂಪುಟಗಳಲ್ಲಿ ನುಡಿಸಿದ್ದಾರೆ. ನಮ್ಮ ಮಟ್ಟಿಗೆ ಎರಡರಲ್ಲಿ ಲೆಕುವೋನಾ ಮೊದಲು, ಟಿರಿನೋ ಆಮೇಲೆ.

ದಾನ್ಸೋನ್: ಪಿಯಾನೋ ಒಬ್ಬಂಟಿಯಲ್ಲ

1879ರ ಜನವರಿ 1ರಂದು ಮಾತಾನ್ಸಾಸ್ ಊರಿನಲ್ಲಿ ಮಿಗೆಲ್ ಫಾಯಿಲ್ದೆ ತಂಡ 'ಲಾಸ್ ಆಲ್ತುರಾಸ್ ದೆ ಸಿಂಪ್ಸನ್' ನುಡಿಸಿತು. ದಾನ್ಸೋನ್ ಇತಿಹಾಸವನ್ನು ಅಲ್ಲಿಂದ ಎಣಿಸುತ್ತಾರೆ. ಆಗ ಅದು ತುತ್ತೂರಿ, ಕ್ಲಾರಿನೆಟ್ಟುಗಳ ತಂಡ, ಪಿಯಾನೋ ಇರಲಿಲ್ಲ. 20ನೇ ಶತಮಾನದ ಆರಂಭದಲ್ಲಿ ಕೊಳಲು, ಪಿಟೀಲು, ಪಿಯಾನೋ, ಬಾಸ್, ತಿಂಬಾಲ್ (ಡೋಲುಜೋಡಿ), ಗ್ವಿರೋ (ಕೆರೆದು ನುಡಿಸುವ ಬುರುಡೆ) ಸೇರಿದ ಚರಂಗಾ ತಂಡಗಳು ಬಂದವು. ಪಿಯಾನೋವನ್ನು ಅಲ್ಲಿಗೆ ತಂದು ಕೂರಿಸಿದವರಲ್ಲಿ ದೊಡ್ಡ ಹೆಸರು ಆಂತೋನಿಯೋ ಮಾರಿಯಾ ರೊಮೆಯು (1876–1955). 1926ರ 'ತ್ರೆಸ್ ಲಿಂದಾಸ್ ಕುಬಾನಾಸ್'ನಲ್ಲಿ ಅವರ ಒಂಟಿ ಪಿಯಾನೋ ಭಾಗ ಮುಂದಿನವರಿಗೆಲ್ಲ ಪಾಠವಾಯಿತು.

ದಾನ್ಸೋನ್ ಆಲ್ಬಂ ಆರಿಸುವಾಗ ರಚನೆ ತಿಳಿದಿರಬೇಕು. ಮೊದಲಿಗೆ ಎಂಟು ಅಳತೆಯ ಪಾಸೆಯೋ, ಅದು ಎರಡು ಸಲ. ಈ ಹೊತ್ತಿನಲ್ಲಿ ಜೋಡಿಗಳು ಕುಣಿಯುವುದಿಲ್ಲ. ನಿಂತು ಬೀಸಣಿಗೆ ಬೀಸಿಕೊಂಡು ಮಾತಾಡುತ್ತಾರೆ. ಆಮೇಲೆ ಒಂದು ರಾಗಭಾಗ, ಮತ್ತೆ ಪಾಸೆಯೋ, ಇನ್ನೊಂದು ರಾಗಭಾಗ, ಹೀಗೆ. 1910ರಲ್ಲಿ ಹೊಸೆ ಉರ್ಫೆ 'ಎಲ್ ಬೊಂಬಿನ್ ದೆ ಬಾರ್ರೆತೋ'ದ ಕೊನೆಗೆ ಸೋನ್ ಕುಣಿತದ ಚುರುಕು ಭಾಗ ಸೇರಿಸಿದ ಮೇಲೆ ದಾನ್ಸೋನಿನ ಬಾಲ ಬಿಸಿಯಾಗತೊಡಗಿತು. 1938ರಲ್ಲಿ ಆರ್ಕಾನ್ಯೋ ತಂಡಕ್ಕಾಗಿ ಒರೆಸ್ತೆಸ್ ಲೋಪೆಸ್ ಬರೆದ 'ಮಾಂಬೋ' ಎಂಬ ದಾನ್ಸೋನ್ ಆ ಬಾಲಕ್ಕೆ ಹೊಸ ಹೆಸರನ್ನೇ ಕೊಟ್ಟಿತು. ತಾಳವಾದ್ಯದಲ್ಲಿ ಒಂದು ಅಳತೆ ಸಿಂಕಿಯೋ, ಮುಂದಿನದು ನಾಲ್ಕು ಸಮ ಹೊಡೆತ, ಈ ಜೋಡಿ ಬಿಡದೆ ತಿರುಗುತ್ತದೆ. ಅದನ್ನು ತಿಂಬಾಲ್ ನೋಡಿಕೊಳ್ಳುವುದರಿಂದ ಪಿಯಾನೋದ ಎಡಗೈಗೆ ಬಿಡುವು ಸಿಗುತ್ತದೆ, ಬಲಗೈ ಒಂದೇ ಸ್ವರವನ್ನು ಎರಡು ಸ್ಥಾಯಿಯಲ್ಲಿ ಒಟ್ಟಿಗೆ ಹೊಡೆಯುತ್ತಾ ಮೇಲೆ ಮಿನುಗುತ್ತದೆ. ಒಂಟಿ ಪಿಯಾನೋ ಆಲ್ಬಂ ಕೇಳಿ ಬಂದವರಿಗೆ ಮೊದಲು ಪಿಯಾನೋ ಎಲ್ಲಿ ಹೋಯಿತು ಅನಿಸುತ್ತದೆ. ಎರಡನೇ ಪಾಸೆಯೋ ಆದ ಮೇಲೆ ಕಾಯಿರಿ.

1920, 30ರ ದಶಕದ ಮೂಲ ರೆಕಾರ್ಡಿಂಗ್‌ಗಳ ದೊಡ್ಡ ತೊಂದರೆ ಗೀರುಸದ್ದಲ್ಲ. ಹತ್ತಿಂಚಿನ 78 ಆರ್‌ಪಿಎಂ ತಟ್ಟೆಯ ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ ಮಾತ್ರ ಹಿಡಿಯುತ್ತಿತ್ತು. ಹಾಗಾಗಿ ಪಾಸೆಯೋಗಳನ್ನು ಮೊಟಕು ಮಾಡಿ, ರಾಗಭಾಗದ ಮರುನುಡಿಕೆ ಬಿಟ್ಟು ತುರುಕಿದ್ದಾರೆ. ಕೇಳಲು ಚೆಂದ, ಕುಣಿಯಲು ಉಸಿರು ಕಟ್ಟುತ್ತದೆ. ಬೆಂಗಳೂರಿನ ಸಾಲ್ಸಾ ತರಗತಿಗಳಿಂದ ದಾನ್ಸೋನ್ ಕಡೆ ತಿರುಗಿದವರು ಅಭ್ಯಾಸಕ್ಕೆ ಮೂಲ ರೆಕಾರ್ಡಿಂಗ್ ಹಾಕಿಕೊಂಡು ಎಡವುವುದು ಇಲ್ಲೇ. ಐದು ನಿಮಿಷದ ಆಸುಪಾಸಿನ, ಪಾಸೆಯೋ ಎರಡೆರಡು ಸಲ ಬರುವ, ಟೇಪ್ ರೆಕಾರ್ಡಿಂಗ್ ಬಂದ ಮೇಲಿನ ಪ್ರತಿ ಹುಡುಕಿ. ಸಾಲ್ಸಾಕ್ಕಿಂತ ನಡೆ ಬಹಳ ನಿಧಾನ ಎನ್ನುವುದನ್ನೂ ಮೊದಲೇ ಒಪ್ಪಿಕೊಳ್ಳಿ.

ಫ್ರಾಂಕ್ ಎಮಿಲಿಯೋ ಫ್ಲಿನ್ (1921–2001) ಹೆಸರು ಕಂಡರೆ ನಿಲ್ಲಿ. ಕಣ್ಣು ಕಾಣದ ಹವಾನಾದ ಈ ಪಿಯಾನೋವಾದಕರು ದಾನ್ಸೋನಿನ ಸಂಯಮವನ್ನೂ ಜಾಝಿನ ಸ್ವರಗುಚ್ಛಗಳನ್ನೂ ಒಂದೇ ಕೈಯಲ್ಲಿ ಹಿಡಿದವರು.

ರುಬೆನ್ ಗೊನ್ಸಾಲೆಸ್: ಮೊದಲ ಆಲ್ಬಂ ಇದೇ ಆಗಲಿ

1996ರ ಏಪ್ರಿಲ್‌ನಲ್ಲಿ ಹವಾನಾದ ಎಗ್ರೆಮ್ ಸ್ಟುಡಿಯೋದಲ್ಲಿ ಎರಡು ದಿನದಲ್ಲಿ ಧ್ವನಿಮುದ್ರಣವಾಗಿ 1997ರಲ್ಲಿ ವರ್ಲ್ಡ್ ಸರ್ಕ್ಯೂಟ್ ಲೇಬಲ್ಲಿನಿಂದ ಬಂದದ್ದು 'ಇಂಟ್ರೊಡ್ಯೂಸಿಂಗ್... ರುಬೆನ್ ಗೊನ್ಸಾಲೆಸ್'. ಮುದ್ರಣದ ಹೊತ್ತಿಗೆ ಗೊನ್ಸಾಲೆಸ್‌ಗೆ (1919–2003) 76. 1940ರ ದಶಕದಲ್ಲಿ ಆರ್ಸೆನಿಯೋ ರೊದ್ರಿಗೆಸ್ ತಂಡದಲ್ಲೂ ಆಮೇಲೆ ಬಹುಕಾಲ ಚಾ-ಚಾ-ಚಾ ಹುಟ್ಟಿಸಿದ ಎನ್ರಿಕೆ ಹೊರ್ರಿನ್ ತಂಡದಲ್ಲೂ ನುಡಿಸಿದವರು, ಆ ಹೊತ್ತಿಗೆ ಮನೆಯಲ್ಲಿ ಪಿಯಾನೋ ಕೂಡ ಇಲ್ಲದೆ ನಿವೃತ್ತರಾಗಿದ್ದರು.

ಒಂಬತ್ತು ಟ್ರ್ಯಾಕು. ಹೊರ್ರಿನ್ ಬರೆದ 'ಲಾ ಎಂಗಾನ್ಯಾದೋರಾ', ರೊಮೆಯು ಪ್ರಸಿದ್ಧಿಗೆ ತಂದ 'ತ್ರೆಸ್ ಲಿಂದಾಸ್ ಕುಬಾನಾಸ್', ಲೆಕುವೋನಾರ 'ಸಿಬೊನೆಯ್', ಅಬೆಲಾರ್ದೋ ವಾಲ್ದೆಸ್ ಅವರ ದಾನ್ಸೋನ್ 'ಆಲ್ಮೆಂದ್ರಾ', ಎಲ್ಲ ಒಂದೇ ಕಡೆ. ಇಷ್ಟು ದಾರಿಗಳು ಒಂದೇ ಕೂಡುರಸ್ತೆಗೆ ಬಂದು ಸೇರುವ ಆಲ್ಬಂ ಇನ್ನೊಂದಿಲ್ಲ. ಕಚಾಯಿತೋ ಲೋಪೆಸ್‌ರ ಬಾಸ್ ತಳ ಹಿಡಿದಿರುವುದರಿಂದ ಲಯ ಹೊಸಬರಿಗೂ ಸಿಗುತ್ತದೆ. ಎಡಗೈಗೆ ಕಿವಿಗೊಡಿ ಎಂದು ಹೇಳಿ ಎಡಗೈಯ ಅರ್ಧ ಕೆಲಸವನ್ನು ಬಾಸ್ ಮಾಡುವ ಆಲ್ಬಂ ಏಕೆ ಶಿಫಾರಸು ಎಂದು ಕೇಳಬಹುದು. ಕಾರಣ ಅದೇ: ಇಲ್ಲಿ ಬಾಸ್ ಏನು ಮಾಡುತ್ತದೆ ಎಂದು ಗೊತ್ತಾದವರಿಗೆ ಸೆರ್ವಾಂತೆಸ್‌ನಲ್ಲಿ ಒಂದೇ ಕೈ ಅದನ್ನೆಲ್ಲ ಮಾಡುತ್ತಿರುವುದು ತಾನಾಗಿ ಕೇಳಿಸುತ್ತದೆ. ಕೊರತೆಯೂ ಇದೆ. ಸಾಂಪ್ರದಾಯಿಕ ದಾನ್ಸೋನ್ ಅಚ್ಚು ಬೇಕೆಂದವರಿಗೆ ಇದರ ಸ್ವಚ್ಛಂದ ಆಲಾಪ ಜಾಸ್ತಿ; ಕೊಳಲು, ಪಿಟೀಲಿನ ಚರಂಗಾ ಬಣ್ಣ ಕಡಿಮೆ, ತುತ್ತೂರಿ ಹೆಚ್ಚು. 2000ದಲ್ಲಿ ಬಂದ 'ಚಾಂಚುಯೋ' ಚೆನ್ನಾಗಿದೆ, ಆದರೆ ಜೊತೆವಾದ್ಯಗಳ ಗದ್ದಲದಲ್ಲಿ ಪಿಯಾನೋ ಹಿಂದೆ ಸರಿಯುತ್ತದೆ. ಎರಡರಲ್ಲಿ ಮೊದಲನೆಯದೇ ಸಾಕು.

ಸಂಜೆ ಓದುತ್ತಾ ಕೇಳಲು ಸೆರ್ವಾಂತೆಸ್. ಗಮನವಿಟ್ಟು ಕೂತು ಕೇಳಲು ಲೆಕುವೋನಾ. ಜೋಡಿಯಾಗಿ ಕುಣಿಯಲು ದಾನ್ಸೋನ್. ಮನೆಗೆ ನಾಲ್ಕು ಜನ ಬಂದಾಗ ಗೊನ್ಸಾಲೆಸ್. ಇತಿಹಾಸದ ಹಸಿವಿರುವವರಿಗೆ ಸೌಮೆಲ್.

ನುಡಿಸುವವರಿಗೆ

ಟ್ರಿನಿಟಿ, ಎಬಿಆರ್‌ಎಸ್‌ಎಂ ಎಂಬ ಬ್ರಿಟಿಷ್ ಸಂಸ್ಥೆಗಳ ಸಂಗೀತ ಪರೀಕ್ಷೆಗೆ ಕೂರುವ ನಮ್ಮ ಮಕ್ಕಳಿಗೆ ಸೆರ್ವಾಂತೆಸ್ ಒಳ್ಳೆಯ ಬದಲಾವಣೆ: ಎರಡು ಪುಟಕ್ಕಿಂತ ಉದ್ದವಿರದ ಹಲವು ತುಣುಕುಗಳಿವೆ, ಮಧ್ಯಮ ದರ್ಜೆಯ ಕೈಗೆ ನಿಲುಕುತ್ತವೆ. ಎಡಗೈ ಒಂದನ್ನೇ, ಪೆಡಲ್ ಇಲ್ಲದೆ, ಮೆಟ್ರೊನೋಮನ್ನು ಎಂಟನೇ ಒಂದರ ಸ್ವರಕ್ಕೆ ಇಟ್ಟು ಮೊದಲು ಗಟ್ಟಿ ಮಾಡಿಸಿ. ಬಲಗೈ ಸೇರಿದಾಗ ಐದು ಹೊಡೆತ ಸಮವಾಗಿ ಹರಡತೊಡಗಿದರೆ ಮತ್ತೆ ಬಾಯಲ್ಲಿ ಹೇಳಿಸಿ. ಲೆಕುವೋನಾ ಅವಸರ ಬೇಡ. ಅವರ ಕೈ ದೊಡ್ಡದು, ಎಡಗೈಯಲ್ಲಿ ಹತ್ತು ಸ್ವರದಗಲದ ಚಾಚುಗಳು ಬರುತ್ತವೆ. ಚಿಕ್ಕ ಕೈಯವರು ತಳಸ್ವರವನ್ನು ಬೀಟಿನ ಮೇಲೇ ನುಡಿಸಿ ಪೆಡಲಿನಲ್ಲಿ ಹಿಡಿದು, ಮೇಲಿನದನ್ನು ತಕ್ಷಣ ಮುಟ್ಟಬೇಕು. ತಳಸ್ವರವನ್ನು ಬೀಟಿಗೆ ಮೊದಲೇ ಹೊಡೆದರೆ ಲಯವೇ ಕದಲುತ್ತದೆ.

ಸೌಮೆಲ್, ಸೆರ್ವಾಂತೆಸ್ ಇಬ್ಬರ ಸ್ವರಲಿಪಿಗೂ ಈಗ ಹಕ್ಕುಸ್ವಾಮ್ಯವಿಲ್ಲ. ಭಾರತದಲ್ಲಿ ಲೇಖಕರ ನಿಧನದ ನಂತರ 60 ವರ್ಷದ ನಿಯಮ ಇರುವುದರಿಂದ ಲೆಕುವೋನಾ ಕೃತಿಗಳ ಅವಧಿ ಇಲ್ಲಿ 2023ರ ಕೊನೆಗೆ ಮುಗಿಯಿತು. 70 ವರ್ಷದ ನಿಯಮವಿರುವ ಯುರೋಪಿನಲ್ಲಿ 2033ರ ಕೊನೆಯವರೆಗೂ ಇದೆ. ಅಲ್ಲಿರುವ ಕನ್ನಡಿಗರು ತಾವು ನುಡಿಸಿದ ವಿಡಿಯೋ ಏರಿಸುವ ಮೊದಲು ಇದನ್ನು ನೋಡಿಕೊಳ್ಳಬೇಕು. ಇದು ಕೃತಿಯ ಮಾತು. ಬೇರೆಯವರು ನುಡಿಸಿದ ಧ್ವನಿಮುದ್ರಣದ ಹಕ್ಕು ಪ್ರತ್ಯೇಕ.